ಕಾಲುದಾರಿಗೆ ಮುಕ್ಕಾಲು ಗಲಾಟೆ

ತಾಳ್ಯ ಹೋಬಳಿಯ ಆ ಹಟ್ಟಿಯಲ್ಲಿ ಜಾಗದ್ದೇ ಕಷ್ಟ. ಒಬ್ಬರು ಮೊಣಕೈ ಚಾಚಿದರೆ ಪಕ್ಕದ ಮನೆಯ ಒಲೆಗೆ ತಗಲುತ್ತಿತ್ತು. ಕೊನೆಗೆ ಪಂಚಾಯಿತಿಯವರು ಶಾಲೆಯ ಹಿಂದಿನ ನಾಲ್ಕು ಎಕರೆಯಲ್ಲಿ ಹೊಸ ಬಡಾವಣೆಗೆ ನಕ್ಷೆ ಮಾಡಿಸಿದರು. ಹಟ್ಟಿಯ ಎಲ್ಲ ಮನೆಯವರೂ ಒಪ್ಪಿ ಸಹಿ ಹಾಕಿದರು. ಉಳಿದದ್ದು ಒಬ್ಬನೇ, ಕುರಿ ಕಾಯುವ ತಿಪ್ಪೇರುದ್ರಪ್ಪ.

ತಿಪ್ಪೇರುದ್ರಪ್ಪನಿಗೆ ಓದಲು ಬರುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿ. ನಕ್ಷೆಯನ್ನು ಮೂಗಿನ ತನಕ ತಂದು ನೋಡಿದ. ತನ್ನ ಸೈಟಿನ ಪಕ್ಕದಲ್ಲಿ ‘ಕಾಲು ದಾರಿ’ ಎಂದು ಬರೆದಿತ್ತು.

“ನೋಡ್ದೇನೇ, ನಮ್ಮ ಜಾಗದಾಗೆ ಕಾಲು ಭಾಗ ದಾರಿಗೆ ಹೊಡ್ಕಂಡವ್ರೆ,” ಎಂದು ಹೆಂಡತಿ ಕಾಳಕ್ಕನಿಗೆ ಹೇಳಿದ. “ಉಳಿಯೋದು ಮುಕ್ಕಾಲು. ನಾನೇನು ಮುಕ್ಕಾಲು ಮನುಷ್ಯನಾ? ಹೈವೇ ಪಕ್ಕ ಲೇಔಟ್ ಆಗೈತೆ. ಕುರಿ ಮಾರಿ ಅಲ್ಲೇ ಸೈಟು ತಗಳ್ಳಾಣ.”

ಕಾಳಕ್ಕ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಹದಿಮೂರು ವರ್ಷದ ಕೆಲಸ. ಹೈವೇ ಇಲ್ಲಿಂದ ನಾಲ್ಕು ಕಿಲೋಮೀಟರ್, ಬೆಳಗಿನ ಹೊತ್ತು ಬಸ್ಸಿಲ್ಲ. ಅಲ್ಲಿಗೆ ಮನೆ ಹೋದರೆ ಕೆಲಸವೂ ಹೋದಂತೆ.

ಆದರೂ ಅವಳು ಅಳಲಿಲ್ಲ. ಸೆರಗನ್ನು ಬ್ಯಾಗಿನಂತೆ ಕಂಕುಳಿಗೆ ಸಿಕ್ಕಿಸಿಕೊಂಡು, ಸೈಟು ಮಾರುವವನ ಮೂಗಿನ ದನಿ ತೆಗೆದಳು. “‘ಬರ್ರಿ ಸಾರ್, ಕುಂತ್ಕಳ್ರಿ. ಎಲ್ಲಾ ಹತ್ರಾನೇ. ಸ್ಕೂಲು ಐದೇ ನಿಮಿಷ.’ ಐದು ನಿಮಿಷ ಯಾರಿಗ್ರಿ? ಕಾರಿಗೆ. ನಮ್ಮ ಮನ್ಯಾಗೆ ಸಾರಿಗೆ ಹಾಕೋ ಖಾರ ಬಿಟ್ರೆ ಇನ್ಯಾವ ಕಾರೈತೆ? ಕಾರಿಲ್ದೋರಿಗೆ ಅದು ಲೇಔಟ್ ಅಲ್ಲ. ‘ಲೇ, ಔಟ್’ ಅಂತ.”

ತಿಪ್ಪೇರುದ್ರಪ್ಪನಿಗೆ ನಗು ಬಂತು. ನಕ್ಕರೆ ಸೋತಂತೆ ಎಂದು ಕೆಮ್ಮಿದ.

ಮರುದಿನ ನಕ್ಷೆ ಬರೆದ ಇಂಜಿನಿಯರ್ ಚೈತ್ರಾ ಟೇಪು ಹಿಡಿದು ಬಂದಳು. ಅವಳು ಕಾಳಕ್ಕನ ಅಕ್ಕನ ಮಗಳು. ತಿಪ್ಪೇರುದ್ರಪ್ಪ ಸೊಂಟಕ್ಕೆ ಕೈಕೊಟ್ಟು ದಾರಿಗೆ ಅಡ್ಡ ನಿಂತ.

“ಏನವ್ವ, ಕಾಲು ಕತ್ತರಿಸೋಕೆ ಚಿಕ್ಕಪ್ಪನ ಜಾಗಾನೇ ಬೇಕಿತ್ತಾ?”

“ಯಾವ ಕಾಲು ಚಿಕ್ಕಪ್ಪಾ?”

“ನೀನೇ ಬರೆದೀಯಲ್ಲ, ಕಾಲು ದಾರಿ ಅಂತ.”

ಚೈತ್ರಾ ನಗು ತಡೆದುಕೊಂಡು ಅವನ ಪಾದ ತೋರಿಸಿದಳು. “ಈ ಕಾಲು. ನಡೆಯೋ ಕಾಲು. ನಿಮ್ಮ ಜಾಗದಾಗೆ ಒಂದು ಗೇಣೂ ಹೋಗಲ್ಲ.”

ಅವನು ತನ್ನ ಪಾದವನ್ನು ಆಗಷ್ಟೇ ಕಂಡವನಂತೆ ನೋಡಿಕೊಂಡ. ಆದರೆ ಅಡ್ಡ ನಿಂತವನು ಅಷ್ಟು ಬೇಗ ಸರಿಯುವುದು ಹೇಗೆ? “ಅಂಗಾರೆ ದಾರಿ ಯಾಕೆ ಸೊಟ್ಟಗೈತೆ? ಸ್ಕೇಲ್ ಇರ್ಲಿಲ್ವಾ?”

“ನೆಟ್ಟಗೇ ಎಳೆದಿದ್ದೆ. ಇಲ್ಲಿ ಬಂದು ನೋಡಿದ್ರೆ ಆಗ್ಲೇ ಒಂದು ದಾರಿ ಸವೆದಿತ್ತು. ಹಟ್ಟಿಯಿಂದ ಶಾಲೆ ಗೇಟಿಗೆ ಅದೇ ಹತ್ರ. ಮಳೆನೀರೂ ನಿಲ್ಲಲ್ಲ. ಯಾರು ಮಾಡಿದ್ದು ಅಂತ ಕೇಳ್ದೆ. ನಿಮ್ಮ ಕುರಿ ಅಂದ್ರು. ನಾನು ಕಾಲೇಜಿನಾಗೆ ಕಲ್ತಿದ್ದನ್ನ ಅವು ನಡೆದೇ ಕಲ್ತವೆ ಚಿಕ್ಕಪ್ಪಾ.”

ತಿಪ್ಪೇರುದ್ರಪ್ಪ ಮೂವತ್ತು ವರ್ಷ ಕುರಿಗಳ ಹಿಂದೆ ತುಳಿದ ದಾರಿ ಇಂಜಿನಿಯರ ಕಾಗದದ ಮೇಲೆ ಬಂದಿತ್ತು. ಮೀಸೆ ತಾನಾಗಿಯೇ ಮೇಲೆದ್ದಿತು.

“ನಡಿ ಮತ್ತೆ. ಇನ್ನೇನು ಬರೆದೀಯ, ತೋರ್ಸು.”

ಚೈತ್ರಾ ನಡೆಯುತ್ತಲೇ ಹೇಳಿದಳು. ಗಾಡಿಗಳೆಲ್ಲ ಹೊರಗಿನ ರಸ್ತೆಯಲ್ಲೇ ನಿಲ್ಲುತ್ತವೆ. ಒಳಗೆ ಮಕ್ಕಳು, ಮುದುಕರು ನಿರ್ಭಯವಾಗಿ ಓಡಾಡಬಹುದು. ಮನೆ ಕಟ್ಟಲು ಅಲ್ಲಿಯದೇ ಮಣ್ಣಿನ ಇಟ್ಟಿಗೆ. ಎರಡು ಮನೆಗೆ ಒಂದೇ ನಡುಗೋಡೆ, ಹಾಗಾಗಿ ಖರ್ಚು ಕಡಿಮೆ. ಸೂರಿನ ನೀರು ಇಂಗುಗುಂಡಿಗೆ. ಕುರಿಗಳನ್ನು ಕೂಡುವ ರೊಪ್ಪ ಬಡಾವಣೆಯ ಅಂಚಿಗೆ.

“ಒಂದೇ ಗೋಡೆಯಾದ್ರೆ ಪಕ್ಕದ ಕಾಟಯ್ಯನ ಗೊರಕೆ ಕೇಳಲ್ವಾ?”

“ದಪ್ಪ ಗೋಡೆ ಚಿಕ್ಕಪ್ಪಾ. ನಿಮ್ಮ ಗೊರಕೇನೂ ಅವ್ರಿಗೆ ಕೇಳಲ್ಲ.”

ಒಂದು ತಿರುವಿನಲ್ಲಿ ಅವನು ನಿಂತ. “ಹೊಂಗೆ ಗಿಡ ಅಲ್ಲಿ ಬ್ಯಾಡ, ಇಲ್ಲಿ ಹಾಕು. ಮಧ್ಯಾಹ್ನದ ಬಿಸಿಲು ಇಲ್ಲೇ ಬಡಿಯೋದು.” ಚೈತ್ರಾ ಮರುಮಾತಾಡದೆ ನಕ್ಷೆ ತಿದ್ದಿದಳು. ಅವನು ಇನ್ನಷ್ಟು ನೆಟ್ಟಗಾದ.

ಅಲ್ಲಿಂದ ತನ್ನ ಸೈಟಿಗೆ ಹಿಂತಿರುಗಿದ. ಹೆಜ್ಜೆ ಎಣಿಸುತ್ತ ಶಾಲೆಯ ಅಡುಗೆಮನೆಗೆ ನಡೆದ. ಕಾಳಕ್ಕ ಬೇಳೆ ತೊಳೆಯುತ್ತಿದ್ದಳು.

“ಇನ್ನೂರ ಹತ್ತೇ ಹೆಜ್ಜೆ ಕಣೇ. ನೀನು ಎಸರಿಟ್ಟು ಮನೆಗೆ ಬಂದು ಹೋಗಬಹುದು.”

“ಮತ್ತೆ ಹೈವೇ?”

“ಯಾವ ಹೈವೇ?” ಎಂದ, ಏನೂ ಗೊತ್ತಿಲ್ಲದವನಂತೆ. ಕಾಳಕ್ಕ ಒದ್ದೆ ಕೈಯಲ್ಲೇ ಮುಖ ಒರೆಸಿಕೊಂಡಳು.

ಗ್ರಾಮಸಭೆಯಲ್ಲಿ ಅವನು ಸಹಿ ಹಾಕಿ, ಪೆನ್ನು ಕೊಡದೆ ಎದ್ದು ನಿಂತ. “ಈ ದಾರಿ ನಾನೂ ನನ್ನ ಕುರಿಗಳೂ ಹಾಕಿದ್ದು. ಇದರ ಮೇಲೆ ಯಾರೂ ಗಾಡಿ ನಿಲ್ಸಂಗಿಲ್ಲ, ಕಸ ಸುರಿಯಂಗಿಲ್ಲ. ನನ್ನ ಹೆಂಡ್ತಿ ದಿನಾ ನಡೆಯೋ ದಾರಿ.” ಹಿಂದೆ ಕುಂತಿದ್ದ ಹೆಂಗಸರೇ ಮೊದಲು ಚಪ್ಪಾಳೆ ತಟ್ಟಿದರು.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮೂರಲ್ಲೂ ಬಡಾವಣೆ ಆಗಬಹುದು. ಗ್ರಾಮಸಭೆಗೆ ಹೋಗಿ, ನಕ್ಷೆ ಕೇಳಿ. ತಿಳಿಯದ ಪದವಿದ್ದರೆ ನಾಚಿಕೆ ಬಿಟ್ಟು ಅರ್ಥ ಕೇಳಿ. ಶಾಲೆ, ಅಂಗನವಾಡಿ, ಅಂಗಡಿ ನಡೆದು ಮುಟ್ಟುವಷ್ಟು ಹತ್ತಿರವಿದೆಯೇ? ದಾರಿಗೆ ನೆರಳಿದೆಯೇ? ಮಳೆನೀರು ಎಲ್ಲಿಗೆ ಹೋಗುತ್ತದೆ? ಸಹಿ ಹಾಕುವ ಮೊದಲು ಆ ನೆಲದ ಮೇಲೆ ಒಮ್ಮೆ ನಡೆಯಿರಿ. ಬಿಸಿಲು ಎಲ್ಲಿ ಬಡಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದನ್ನು ಎದ್ದು ನಿಂತು ಹೇಳಿ.