ಕಡ್ಡಾಯವಲ್ಲದ ಪತ್ರ

ಯಾರನ್ನಾದರೂ ಹೊಗಳಬೇಕಾಗಿ ಬಂದರೆ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ಮೌನ ಎಷ್ಟು ದೀರ್ಘವಾಗಿರುತ್ತಿತ್ತೆಂದರೆ, ಪ್ರಶಂಸೆಗಾಗಿ ಕಾದು ನಿಂತವರು ತಮ್ಮ ಯೋಗ್ಯತೆಯನ್ನು ತಾವೇ ತೂಗಿ ನೋಡಿಕೊಂಡು ಮೆಲ್ಲನೆ ಜಾಗ ಖಾಲಿ ಮಾಡಿದ್ದೂ ಉಂಟು. ಫಾರ್ಮಾಲಿನ್ ವಾಸನೆಯ ಬಿಳಿ ಕೋಟು, ಅದರ ಜೇಬಿನಿಂದ ಇಣುಕುವ ಮೀನಿನ ಪುಟ್ಟ ಬಲೆ, ಯಾರನ್ನೋ ಹಿಡಿದು ತರಲು ಹೊರಟಂಥ ಬಿರುಸು ನಡಿಗೆ; ದೂರದಿಂದಲೇ ಗುರುತು ಸಿಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಭಾಷೆ ಕಲಿಸುತ್ತಿದ್ದ ನನಗೆ ವಿಶೇಷಣಗಳೇ ಬಂಡವಾಳ. ಅವರಿಗೆ ಅವುಗಳ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ.

ಅವರು ಬಾಡಿಗೆಗಿದ್ದ ಮನೆಯ ಒಡತಿಯ ಮಗಳು ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕುವವಳಿದ್ದಳು. ಬಲ್ಲವರಿಂದ ಒಂದು ಶಿಫಾರಸು ಪತ್ರವನ್ನು ಬೇಕಿದ್ದರೆ ಲಗತ್ತಿಸಬಹುದಿತ್ತು, ಕಡ್ಡಾಯವೇನಲ್ಲ. ಕಡ್ಡಾಯವಲ್ಲ ಎಂದರೆ ತಾಯಂದಿರ ನಿಘಂಟಿನಲ್ಲಿ ತರಲೇಬೇಕು ಎಂದರ್ಥ. ನಾನು ಮೇಡಂ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಒಡತಿ ಮಹಡಿಯಿಂದ ಇಳಿದು ಬಂದರು.

"ನಾಲ್ಕು ಸಾಲು ಗೀಚಿಕೊಡಿ ಮೇಡಂ. ಚಿಕ್ಕವಳಿದ್ದಾಗಿಂದ ನೋಡಿದ್ದೀರಲ್ಲ."

"ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೇಳಿದ್ದೀನಿ. ಅದನ್ನೇ ಬರೀಲಾ?"

ಒಡತಿಯ ಮುಖ ಸಪ್ಪಗಾಯಿತು. ಮೇಡಂ ಹುಡುಗಿಯನ್ನು ರಜೆಯಲ್ಲಿ ಲ್ಯಾಬಿಗೆ ಬರಹೇಳಿದರು. ನೋಡದೆ ಬರೆಯುವುದು ಅವರಿಂದ ಆಗದ ಕೆಲಸ.

ಹುಡುಗಿ ಬಂದಳು, ಮೀನಿನ ತೊಟ್ಟಿಗಳ ಗಾಜು ಉಜ್ಜಿದಳು, ಒಂದು ಸಂಜೆ ನೀರು ಬದಲಿಸಿದ ಮೇಲೆ ಗಾಳಿಯ ಪಂಪಿನ ಸ್ವಿಚ್ ಹಾಕುವುದನ್ನು ಮರೆತು ಮನೆಗೆ ಹೋದಳು. ಬೆಳಿಗ್ಗೆ ಆ ತೊಟ್ಟಿಯ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕರೆಂಟು ಹೋಗಿತ್ತೆಂದರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಅವಳು ಬಾಗಿಲಲ್ಲೇ ಕಾದು ನಿಂತು, "ನಾನೇ ಮೇಡಂ, ಸ್ವಿಚ್ ಮರೆತೆ," ಎಂದು ಅತ್ತಳು. ಮೇಡಂ ಜೇಬಿನ ಬಲೆಯನ್ನು ತೆಗೆದು ಅವಳ ಕೈಗಿತ್ತರು. ಮರುದಿನವೂ ಹುಡುಗಿ ಬಂದಳು, ರಜೆ ಮುಗಿಯುವವರೆಗೂ ಬಂದಳು.

ಪತ್ರದಲ್ಲಿ ಇದೆಲ್ಲವೂ ಇತ್ತು. ಓದಿದ ಒಡತಿ ಹೌಹಾರಿದರು.

"ಹೊಗಳಿ ಅಂದ್ರೆ ಮೀನು ಸಾಯಿಸಿದ್ಲು ಅಂತ ಬರೆದಿದ್ದೀರಲ್ರೀ! ಅದೂ ಪ್ರಾಣಿಗಳ ಡಾಕ್ಟರ್ ಆಗೋ ಹುಡುಗಿಗೆ!"

"ಪೂರ್ತಿ ಓದಿ. ಬಚ್ಚಿಡಲಿಲ್ಲ, ಮರುದಿನಾನೂ ಬಂದ್ಲು ಅಂತಾನೂ ಇದೆ."

"ಕಳಿಸೋದೇ ಬೇಡ. ಕಡ್ಡಾಯ ಏನಲ್ವಲ್ಲ!"

ಹುಡುಗಿ ಮಾತ್ರ ಪತ್ರವನ್ನು ಎರಡು ಸಲ ಓದಿ, "ಇದ್ರಲ್ಲಿರೋದು ನಾನೇ ಅಮ್ಮಾ. ಕಳಿಸ್ತೀನಿ," ಎಂದಳು. ಕಳಿಸಿಯೂ ಬಿಟ್ಟಳು. ಮಹಡಿಗೂ ಕೆಳಮನೆಗೂ ಮಾತು ನಿಂತಿತು. ಎದುರಾದರೆ ಒಡತಿ ಗೋಡೆ ನೋಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಮೇಡಂ ಹೊರಗೆ ಕಲ್ಲಿನಂತಿದ್ದರೂ, ಫಲಿತಾಂಶ ಬಂತೇ ಎಂದು ವಿಚಾರಿಸಲು ನನ್ನನ್ನು ಮತ್ತೆ ಮತ್ತೆ ಮೇಲೆ ಅಟ್ಟುತ್ತಿದ್ದರು.

ಸಂದರ್ಶನದಲ್ಲಿ ಕೇಳಿದ್ದೆಲ್ಲ ಆ ಮೀನುಗಳ ವಿಷಯವನ್ನೇ ಅಂತೆ. ಸೀಟು ಸಿಕ್ಕಿತು. ಒಡತಿ ಸಿಹಿಯ ಡಬ್ಬಿ ಹಿಡಿದು ಇಳಿದು ಬಂದು, "ನಿಮ್ಮಿಂದಾನೇ ಆಗಿದ್ದು," ಎಂದು ಕಣ್ಣೊರೆಸಿಕೊಂಡರು.

"ಸೀಟು ಅವಳದು," ಎಂದರು ಮೇಡಂ. "ಸತ್ತ ಮೀನು ಮಾತ್ರ ನನ್ನವು."

ನಮ್ಮನ್ನು ಇರುವುದಕ್ಕಿಂತ ದೊಡ್ಡವರಾಗಿ ಕಾಣುವವರ ಪ್ರೀತಿ ಬೆಚ್ಚಗಿರುತ್ತದೆ. ಆದರೆ ಅದರೊಳಗೆ ನಿಂತವರಿಗೆ ಎಂದು ಸಿಕ್ಕಿಬೀಳುವೆವೋ ಎಂಬ ಅಳುಕು ತಪ್ಪದು. ಇದ್ದಷ್ಟನ್ನೇ ಕಂಡು, ಅಷ್ಟಕ್ಕೇ ಧೈರ್ಯವಾಗಿ ಜಾಮೀನು ನಿಲ್ಲುವ ಇಂಥ ನಿಷ್ಠುರಿಗಳು ಎಲ್ಲೋ ಅಪರೂಪಕ್ಕೊಬ್ಬರು. ಅವರ ಪ್ರೀತಿಗೆ ಬೆನ್ನು ಕೊಟ್ಟು ನಿರಾಳವಾಗಿ ಒರಗಬಹುದು.