ಟ್ಯಾಕೆಟ್‌ನ ರಿವಾಲ್ವರ್

ಸುಳ್ಳು ಹೇಳಲು ಬಾಯಿ ತೆರೆಯಲೇಬೇಕು ಅಂತೇನಿಲ್ಲ. ನಾನು ನಾಲ್ಕು ದಿನ ಬಾಯಿ ಮುಚ್ಚಿಕೊಂಡೇ ಹೇಳಿದೆ.

ಸಾವಿರದ ಒಂಬೈನೂರ ನಲವತ್ತೈದರ ಫೆಬ್ರವರಿ, ಯುದ್ಧ ಇನ್ನೂ ನಡೆಯುತ್ತಿತ್ತು. ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲಿ ನಮ್ಮ ಅಮೆರಿಕನ್ ಮಿಲಿಟರಿ ಪೊಲೀಸ್ ಕಂಪನಿಯ ಆಯುಧ ಕೋಣೆ ನನ್ನ ವಶದಲ್ಲಿತ್ತು. ಭಾನುವಾರ ಗೋದಾಮಿನ ಹಿಂದೆ ಕಳ್ಳ ಸಿಗರೇಟು ಮಾರುವ ಫ್ರೆಂಚನೊಬ್ಬ ಗುಂಡು ತಗುಲಿ ಸತ್ತ. ಬಿಳಿ ಹೆಲ್ಮೆಟ್ಟಿನವನು ಓಡಿದ್ದನ್ನು ಮೀನು ಮಾರುವವಳೊಬ್ಬಳು ನೋಡಿದ್ದಳು. ಬಿಳಿ ಹೆಲ್ಮೆಟ್ಟು ಅಂದರೆ ನಾವೇ.

ಸೋಮವಾರ ಕ್ಯಾಪ್ಟನ್ ಬ್ರಾಂಟ್ ಎಲ್ಲರ ರಿವಾಲ್ವರುಗಳನ್ನೂ ಮೇಜಿನ ಮೇಲೆ ಇಡಿಸಿದರು. ಹಿಡಿಯ ಅಡಿಯಲ್ಲಿ ಕೊರೆದ ನಂಬರನ್ನು ಅವರು ಓದುತ್ತಾ ಹೋದರು, ಯಾರಿಗೆ ಯಾವುದು ಕೊಟ್ಟದ್ದೆಂದು ಬರೆದ ನನ್ನ ಪುಸ್ತಕದಲ್ಲಿ ನಾನು ತಾಳೆ ನೋಡುತ್ತಾ ಹೋದೆ. ಎಲ್ಲವೂ ಸರಿಹೋದವು. ಕಾರ್ಪೊರಲ್ ಟ್ಯಾಕೆಟ್‌ನದು ಮಾತ್ರ ಹೋಗಲಿಲ್ಲ. ಭಾನುವಾರ ಗೋದಾಮಿನ ಕಡೆ ಪಹರೆ ಇದ್ದದ್ದೂ ಅವನದೇ.

"ಸಾರ್ಜೆಂಟ್ ಜೋಲ್, ಪುಸ್ತಕ ತಪ್ಪಿರಬಹುದಾ?" ಕ್ಯಾಪ್ಟನ್ ಕೇಳಿದರು.

"ನನ್ನ ಪುಸ್ತಕ ತಪ್ಪಲ್ಲ ಸರ್," ಅಂದುಬಿಟ್ಟೆ.

ಹತ್ತೊಂಬತ್ತು ವರ್ಷದ ನೌಕರಿಯ ಜಂಬ ಅದು. ಟ್ಯಾಕೆಟ್‌ನನ್ನು ಕರೆದೊಯ್ಯುವಾಗ ಅವನು ನನ್ನ ಕಡೆ ತಿರುಗಿ, "ಅಜ್ಜಾ, ಅದು ನನ್ನದೇ ಅಂತ ಹೇಳಿ. ನೀವೇ ಅಲ್ವಾ ಕೊಟ್ಟಿದ್ದು?" ಅಂದ. ಆಗ ನೆನಪಾಯಿತು.

ಆ ಹಳೆಯ ರಿವಾಲ್ವರುಗಳಿಗೆ ಎರಡು ನಂಬರು. ಹಿಡಿಯ ಅಡಿಯಲ್ಲಿರುವುದು ಸೈನ್ಯದ್ದು. ಗುಂಡು ತುಂಬುವ ಉರುಳೆಯನ್ನು ಹೊರಗೆ ತೆರೆದರೆ ಸಂದಿಯಲ್ಲಿ ಕಾಣುವುದು ಕಾರ್ಖಾನೆಯದು. ಪುಸ್ತಕಕ್ಕೆ ಹತ್ತಬೇಕಾದದ್ದು ಮೊದಲನೆಯದು. ಇಂಗ್ಲೆಂಡಿನಲ್ಲಿ ಹಂಚುವ ದಿನ, ಕೆಂಟಕಿಯ ಗುಡ್ಡದಿಂದ ಬಂದ ಈ ಟ್ಯಾಕೆಟ್ ನನ್ನ ವಯಸ್ಸಿನ ಬಗ್ಗೆ ತಮಾಷೆ ಮಾಡುತ್ತಿದ್ದ. "ಇದು ನಿಮ್ಮ ಮದುವೇಲಿ ಕೊಟ್ಟಿದ್ದಾ ಅಜ್ಜಾ?" ಅಂತ. ನಾನು ನಗುತ್ತಾ ಉರುಳೆ ತೆರೆದು, ಗ್ರೀಸು ಒರೆಸುವುದು ಹೇಗೆಂದು ತೋರಿಸುತ್ತಾ, ಕಣ್ಣೆದುರಿಗಿದ್ದ ನಂಬರನ್ನೇ ಬರೆದುಕೊಂಡಿದ್ದೆ. ಹಾಗಂತ ನನ್ನ ನೆನಪು.

ಹೇಳಿದರೆ ತೋಳಿನ ಸಾರ್ಜೆಂಟ್ ಪಟ್ಟಿ ಕಿತ್ತುಕೊಳ್ಳುತ್ತಾರೆ. ತಾನಾಗಿಯೇ ಸರಿಹೋಗುತ್ತದೆ ಅಂದುಕೊಂಡೆ. ಗುರುವಾರ ಗುಂಡಿನ ಪರೀಕ್ಷೆಯ ವರದಿ ಬಂತು. ಸತ್ತವನ ಮೈಯಲ್ಲಿ ಸಿಕ್ಕ ಗುಂಡು ಟ್ಯಾಕೆಟ್ ಒಪ್ಪಿಸಿದ ರಿವಾಲ್ವರಿನದಲ್ಲ. ಬದುಕಿದೆ ಅಂದುಕೊಂಡೆ. ಕ್ಯಾಪ್ಟನ್ ನಕ್ಕುಬಿಟ್ಟರು.

"ಹೇಗೆ ಹೊಂದುತ್ತೆ? ಅವನದನ್ನ ಸಮುದ್ರಕ್ಕೆ ಎಸೆದು ಯಾರದ್ದೋ ತಂದು ಇಟ್ಟಿದ್ದಾನೆ. ನಿಮ್ಮ ಪುಸ್ತಕವೇ ಸಾಕ್ಷಿ. ಗಲ್ಲಿಗೆ ಹೋಗ್ತಾನೆ."

ಶುಕ್ರವಾರ ಬೆಳಗ್ಗೆ ಪಕ್ಕದ ಕೋಣೆಯಲ್ಲಿ ಕೋರ್ಟ್ ಮಾರ್ಷಲ್ಲಿನ ಕಾಗದ ಟೈಪಾಗುತ್ತಿತ್ತು. ಒಂದೊಂದು ಕಟಕಟವೂ ನನ್ನ ಕೋಣೆಗೆ ಕೇಳುತ್ತಿತ್ತು. ಕಾಫಿ ಲೋಟ ಕೆಳಗಿಟ್ಟೆ. ಎದ್ದು ಹೋಗಿ ಕ್ಯಾಪ್ಟನ್‌ಗೆ ಎಲ್ಲವನ್ನೂ ಹೇಳಿದೆ.

ಕ್ಯಾಪ್ಟನ್ ಮುಖ ಗಂಟಿಕ್ಕಿದರು. "ಎರಡನೇ ನಂಬರಾ? ಹುಡುಗನ್ನ ಉಳಿಸೋಕೆ ಕಥೆ ಕಟ್ತಿದ್ದೀರಾ?"

"ತೆರೆದು ನೋಡೋಣ ಸರ್."

"ನೋಡೋಣ. ಸರಿಹೋಗಲಿಲ್ಲ ಅಂದ್ರೆ ನೀವೂ ಅವನ ಪಕ್ಕದ ಸೆಲ್ಲಿಗೆ."

ಉರುಳೆ ತೆರೆದೆ. ಸಂದಿಯಲ್ಲಿ ಕರಿ ಗ್ರೀಸು ಗಟ್ಟಿಯಾಗಿ ಕೂತಿತ್ತು. ಇಷ್ಟು ದಿನ ನಂಬಿದ್ದ ನೆನಪಿನ ಮೇಲೆ ಆಗ ಅನುಮಾನ ಬಂತು. ಅಂದು ಉರುಳೆ ತೆರೆದದ್ದು ಟ್ಯಾಕೆಟ್‌ನದೇನಾ, ಸಾಲಿನಲ್ಲಿ ಅವನ ಹಿಂದೆ ನಿಂತಿದ್ದವನದಾ? ಕರವಸ್ತ್ರದ ತುದಿಯಿಂದ ಒರೆಸಿದೆ. ಎರಡು ಕಂಡಿತು. ಆಮೇಲೆ ಸೊನ್ನೆ. ಕ್ಯಾಪ್ಟನ್ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಏಳು. ನಾಲ್ಕು. ಮುಂದಿನದು ಒಂದೋ ಏಳೋ ತಿಳಿಯಲಿಲ್ಲ. ಉಗುಳು ಹಚ್ಚಿ ಉಜ್ಜಿದೆ.

"ಒಂದು," ಅಂದೆ. "ಕೊನೆಯದು ಎಂಟು."

ಕ್ಯಾಪ್ಟನ್ ರಿವಾಲ್ವರನ್ನು ಕಿತ್ತುಕೊಂಡು ಕಿಟಕಿಯ ಬಳಿ ಹೋಗಿ ತಾವೇ ಓದಿದರು, ಮತ್ತೆ ಪುಸ್ತಕ ನೋಡಿದರು. ಬಾಗಿಲು ತೆರೆದು, "ಟೈಪ್ ನಿಲ್ಸಿ. ಇದು ಅವನದೇ, ಗುಂಡು ಇದರದ್ದಲ್ಲ," ಅಂದರು. ನನ್ನ ತೋಳಿನ ಪಟ್ಟಿ ಅಂದೇ ಹೋಯಿತು. ನಿಜ ಹೇಳುತ್ತೇನೆ, ನೋವಾಗಲಿಲ್ಲ.

ಮಧ್ಯಾಹ್ನ ಟ್ಯಾಕೆಟ್ ಆಯುಧ ಕೋಣೆಗೆ ಬಂದ. ಗಡ್ಡ ಬೆಳೆದಿತ್ತು, ಮುಖ ಬಿಳಿಚಿಕೊಂಡಿತ್ತು. ನಾನು ಅವನ ರಿವಾಲ್ವರನ್ನು ಹಿಡಿ ಅವನ ಕಡೆ ಮಾಡಿ ಚಾಚಿದೆ. ಅವನು ಕೈ ನೀಡಲಿಲ್ಲ.

"ಯಾವಾಗ ಗೊತ್ತಾಯ್ತು ನಿಮಗೆ?"

ಇನ್ನೊಂದು ಸುಳ್ಳಿಗೆ ಜಾಗವಿತ್ತು. ಇವತ್ತು ಬೆಳಗ್ಗೆ ಅನ್ನಬಹುದಿತ್ತು.

"ಸೋಮವಾರ," ಅಂದೆ. "ನಿನ್ನ ಕರ್ಕೊಂಡು ಹೋಗುವಾಗಲೇ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಹೊಡೆದಿದ್ದರೂ ಸರಿ.

"ಮೇಜಿನ ಮೇಲಿಡಿ," ಅಂದ. "ನಿಮ್ಮ ಕೈಯಿಂದ ನಾನು ತಗೊಳ್ಳಲ್ಲ."

ಇಟ್ಟೆ. ನಾನು ಎರಡು ಹೆಜ್ಜೆ ಹಿಂದೆ ಸರಿಯುವವರೆಗೂ ಅವನು ಅದನ್ನು ಮುಟ್ಟಲಿಲ್ಲ.