ಮಬ್ಬಾದ ಗೆರೆ

ಕಾರ್ಖಾನೆಯ ಕೊಳವೆ ಒಡೆದು ಎಣ್ಣೆ ಅಳಿವೆಗೆ ಹರಿಯಿತು. ಅಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಬದುಕುವ ಹೆಂಗಸರಿಗೆ, ಎಣ್ಣೆ ನಿಮ್ಮವರೆಗೆ ಬಂದೇ ಇಲ್ಲ ಎಂದು ಕಾರ್ಖಾನೆಯವರು ಹೇಳಿದರು. ಹಾಗೆ ಹೇಳಲು ಬಳಸಿದ್ದು ನನ್ನನ್ನು.

ನಾನು ಒಂದು ಕಂಪ್ಯೂಟರ್. ಮಂಗಳೂರಿನ ಅಂಗಡಿಯೊಂದರಲ್ಲಿ ಬಿಡಿಭಾಗ ಕೂಡಿಸಿ ನನ್ನನ್ನು ಹುಟ್ಟಿಸಿದರು. ಮೊದಲು ಮದುವೆ ವಿಡಿಯೋ ಮಾಡುವ ಸ್ಟುಡಿಯೋದಲ್ಲಿದ್ದೆ. ಮದುಮಗಳ ಅಳು ಕತ್ತರಿಸಿ ನಗು ಅಂಟಿಸುವುದನ್ನು ಅಲ್ಲೇ ಕಂಡೆ. ಅಂದಿನಿಂದ ನನ್ನ ಮುಂದೆ ಕುಳಿತ ಯಾರನ್ನೂ ನಂಬಿಲ್ಲ.

ಆಮೇಲೆ ಎಂಜಿನಿಯರಿಂಗ್ ಕಾಲೇಜಿಗೆ ಬಂದೆ. ಅಲ್ಲಿ ಪ್ರೊಫೆಸರ್ ಐತಾಳರು, ಅವರ ಕೈಕೆಳಗೆ ಸಂಶೋಧನೆ ಮಾಡುವ ಹರಿಣಾಕ್ಷಿ. ಎಣ್ಣೆಗೂ ನೀರಿಗೂ ನಡುವಿನ ಗೆರೆ ಹೇಗೆ ಸರಿಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅಳಿವೆಯನ್ನು ಚೌಕ ಚೌಕವಾಗಿ ಕತ್ತರಿಸಿ ಕೊಟ್ಟರೆ, ಪ್ರತಿ ಚೌಕದಲ್ಲಿ ಎಣ್ಣೆಯ ಪಾಲೆಷ್ಟು ಎಂದು ಹೇಳುತ್ತೇನೆ. ಹರಿಣಾಕ್ಷಿ ಚಿಕ್ಕ ಚೌಕ ಕೊಟ್ಟಳು. ಗೆರೆ ಚೂಪಾಗಿ ನಿಂತಿತು. ಎಣ್ಣೆ ಮರುವಾಯಿ ಹೆಕ್ಕುವ ದಿಬ್ಬ ಮುಟ್ಟಿತ್ತು. ಐತಾಳರು ಚೌಕ ದೊಡ್ಡದು ಮಾಡಿಸಿದರು. ದೊಡ್ಡ ಚೌಕದಲ್ಲಿ ಎಣ್ಣೆ ನೀರಿಗೆ ಕಲಸಿಹೋದಂತೆ ತೋರುತ್ತದೆ, ಗೆರೆ ಮಬ್ಬಾಗುತ್ತದೆ. ಮಬ್ಬನ್ನು ಯಾರೂ ಎಣ್ಣೆಯೆಂದು ಎಣಿಸುವುದಿಲ್ಲ. ಕೆಲಸ ಬೇಗ ಮುಗಿಯಲಿ ಅಂತ, ಎಂದಷ್ಟೇ ಅಂದರು ಅವರು. ಕಾರ್ಖಾನೆಯ ಕಾರು ಹೊರಗೆ ಕಾಯುತ್ತಿತ್ತು. ಹರಿಣಾಕ್ಷಿ ಗುಂಡಿ ಒತ್ತಿದಳು. ಆ ಮಬ್ಬೇ ವರದಿಯಾಯಿತು. ಇವಳೂ ಅವರವಳೇ ಅಂದುಕೊಂಡೆ.

ಒಂದು ದಿನ ಅವಳ ಚಿಕ್ಕಮ್ಮ ಗುಲಾಬಿ ಬಂದರು. ಅಳಿವೆಯ ಕೆಸರು ಕಾಲಲ್ಲೇ ಇತ್ತು. ನನ್ನ ಪರದೆಯ ನೀಲಿ ನೋಡಿದರು.

"ಚಂದ ಉಂಟು. ನಿನ್ನ ಯಂತ್ರಕ್ಕೆ ಮೂಗಿಲ್ವಾ ಮಗಾ? ನಾವು ಬೇಯಿಸಿದ ಮರುವಾಯಿ ಪದಾರ್ಥಕ್ಕೆ ಸೀಮೆಎಣ್ಣೆ ವಾಸನೆ."

ಹರಿಣಾಕ್ಷಿ ತಲೆ ಎತ್ತಲಿಲ್ಲ. ಅವಳ ಈ ನಾಚಿಕೆಯೂ ನಾಟಕ ಇರಬಹುದು ಎಂದುಕೊಂಡೆ.

ಈಗ ನಾನು ಮುದಿ. ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನಲ್ಲಿ ಧೂಳು ಹೊದ್ದು ಕೂತಿದ್ದೇನೆ. ಚಿಕ್ಕ ಚೌಕದ ಲೆಕ್ಕ ಉಳಿದಿರುವುದು ನನ್ನ ಹೊಟ್ಟೆಯಲ್ಲಿ ಮಾತ್ರ. ಒಡೆದ ಮೇಲೆ ಮುಚ್ಚಿದ್ದ ಆ ಕೊಳವೆಯನ್ನು ಮತ್ತೆ ತೆರೆಯಬಹುದೇ ಎಂಬ ವಿಚಾರಣೆ ನಾಳೆ. ಇವತ್ತು ಐತಾಳರು ಹರಿಣಾಕ್ಷಿಯನ್ನು ಕರೆತಂದು ನನ್ನನ್ನು ಎಬ್ಬಿಸಿದರು. ಗುಜರಿಗೆ ಹಾಕುವ ಮೊದಲು ಒಳಗಿರುವುದನ್ನೆಲ್ಲ ಅಳಿಸಿಬಿಡು, ಹಳೆಯದನ್ನು ಇಟ್ಟುಕೊಂಡು ಯಾರಿಗೇನು ಉಪಕಾರ ಎಂದರು, ಬಹಳ ಮೃದುವಾಗಿ. ಮೃದು ಮಾತೆಂದರೆ ನನಗೆ ದಿಗಿಲು. ಎಣ್ಣೆ ನೀರಿನಲ್ಲಿ ತಾನಾಗಿ ಬೆರೆಯುವುದಿಲ್ಲ. ಬೆರೆತಿದೆ ಎಂದು ತೋರಿಸಲು ಯಾವಾಗಲೂ ಒಂದು ಬೆರಳು ಬೇಕು. ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು.

ಅವಳು ಕೈ ಹಿಂದಕ್ಕೆ ತೆಗೆದಳು.

"ಅವತ್ತು ಒತ್ತಿದೆ ಸರ್. ಇವತ್ತು ಒತ್ತುದಿಲ್ಲ."